ಇಲ್ಲದ ದೋಷಕ್ಕೆ ತಿದ್ದುಪಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುತ್ತಾಳೆ ಅವ್ವ. ಇರಲಿ. ವರ್ಷಗಟ್ಟಲೆ ಕೂತು ಬರೆದದ್ದನ್ನು ಯಾರೋ ಒಂದೇ ಸಾಲಿನಲ್ಲಿ ಹಾಳು ಎಂದರೆ ಸಿಟ್ಟು ಇನ್ನೆಲ್ಲಿರಬೇಕು?

ನಾನು ಬರೆದದ್ದು ಯುಎಸ್‌ಬಿ ಡ್ರೈವರ್. ಯಂತ್ರವನ್ನು ಕಂಪ್ಯೂಟರಿಗೆ ಸಿಕ್ಕಿಸಿದಾಗ ಎರಡರ ನಡುವೆ ಮಾತು ನಡೆಸುವ ಪ್ರೋಗ್ರಾಮು. ಎಲ್ಲೆಲ್ಲಿಯವರೋ ಸೇರಿ ಬರೆಯುವ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಮ್ ಒಂದರಲ್ಲಿ ಹೈ-ಸ್ಪೀಡ್ ಡ್ರೈವರೇ ಇರಲಿಲ್ಲ. ಕಂಪ್ಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಾನು ಬರೆದೆ. ಮೊದಲು ಬಳಸಿದವರು ಸಂಡೂರಿನಲ್ಲಿ ಅದಿರು ಪರೀಕ್ಷೆಯ ಲ್ಯಾಬ್ ಇಟ್ಟಿರುವ ಸಿದ್ದಲಿಂಗೇಶ್. ಅವರ ಮೈಕ್ರೋಸ್ಕೋಪ್ ಕ್ಯಾಮೆರಾದ ಚಿತ್ರಗಳು ಸರಸರನೆ ಬರತೊಡಗಿದವು. ಹಿಗ್ಗಿದ್ದೆ.

ದಸರಾ ಮುಗಿಯುತ್ತಲೇ ಅದೇ ಮನುಷ್ಯ ಆ ಸಿಸ್ಟಮ್ ನಡೆಸುವ ತಂಡದ ಬಹಿರಂಗ ಪುಟದಲ್ಲಿ ಬರೆದರು: "ಡ್ರೈವರ್ ಕೆಟ್ಟಿದೆ. ಎಲ್ಲ ನಿಧಾನ." ದೋಷ ಸರಿಹೋಗದಿದ್ದರೆ ಮುಂದಿನ ಆವೃತ್ತಿಯಿಂದ ಡ್ರೈವರನ್ನೇ ತೆಗೆಯುತ್ತೇವೆ ಎಂದು ತಂಡದ ಹಿರಿಯರು ನನಗೆ ತಿಳಿಸಿದರು.

ಹೊಸಪೇಟೆಯಲ್ಲಿ ಬಸ್ಸು ಬದಲಿಸಿ, ಲಾರಿಗಳ ಕೆಂಪು ಧೂಳು ಕುಡಿಯುತ್ತಾ ಸಂಡೂರಿಗೆ ಹೋದೆ. ಕ್ಯಾಮೆರಾದ ಕೇಬಲ್ ಕಿತ್ತು ನೋಡಿದರೆ ಪೋರ್ಟಿನೊಳಗೆ ಕೆಂಪಗೆ ಏನೋ ಗಟ್ಟಿಯಾಗಿ ಕೂತಿತ್ತು.

"ಏನ್ರೀ ಇದು?"

"ಕುಂಕುಮ, ತಂಗಿ. ಆಯುಧಪೂಜಿಗೆ ಎಲ್ಲಾ ಮಷೀನಿಗೂ ಹಚ್ಚೀವಿ."

"ಹಚ್ಚೋದು ಹಣಿಗೆ ಹಚ್ರಿ. ಬಾಯಾಗ ಯಾಕ ತುರುಕೀರಿ?"

"ಮ್ಯಾಲ ಹಚ್ಚಿದ್ರ ಒರಸಿ ಹೋಗ್ತೈತಿ. ಕೆಲ್ಸ ಮಾಡೋ ಜಾಗಕ್ಕ ಹಚ್ಚಬೇಕು ಅಂತ ನಾನs ನೀರಾಗ ಕಲಸಿ ಹಚ್ಚೀನಿ," ಎಂದರು ಸಿದ್ದಲಿಂಗೇಶ್, ಭಕ್ತಿಯಿಂದ.

ತಂತಿ ಕೂಡುವಲ್ಲಿ ಕೊಳೆ ಕೂತರೆ ವೇಗದ ಮಾತು ದಾಟುವುದಿಲ್ಲ. ಯಂತ್ರ ಹಳೆಯ ಆಮೆ ನಡಿಗೆಗೆ ಇಳಿಯುತ್ತದೆ. ಬ್ರಷ್ಷು, ಸ್ಪಿರಿಟ್ ತರಿಸಿ ಹಲ್ಲು ಕಚ್ಚಿಕೊಂಡು ತಿಕ್ಕಿದೆ. ಒಣಗಿದ ಮೇಲೆ ಕೇಬಲ್ ಸಿಕ್ಕಿಸಿದರೆ ಚಿತ್ರಗಳು ಮೊದಲಿನಂತೆಯೇ ಬಂದವು.

"ಡ್ರೈವರಿನ ತಪ್ಪಲ್ಲ ಅಂತ ಪುಟದಾಗ ಬರೀರಿ," ಎಂದೆ.

"ಪೂಜಿ ಮಾಡಿದ್ದಕ್ಕ ಮಷೀನ್ ಕೆಡ್ತು ಅಂತ ಬರೀಲೇನು?" ಅವರು ಮುಖ ಸಿಂಡರಿಸಿದರು. ಆಮೇಲೆ ಏನೋ ಹೊಳೆದವರಂತೆ ನಕ್ಕರು. "ಆತು, ಚಂದಾಗಿ ಬರೀತೀನಿ. ಜಲ್ದಿ ಹೋಗು, ಬಸ್ ತಪ್ಪೀತು."

ನಂಬಿ ಬಂದೆ. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಫೋನು ತೆಗೆದರೆ ಅವರ ಬರಹ ಕಂಡಿತು: "ಡ್ರೈವರಿನಲ್ಲಿದ್ದ ದೋಷವನ್ನು ಅಂಜಲಿಯವರು ಖುದ್ದಾಗಿ ಬಂದು ಸರಿಪಡಿಸಿದರು. ಧನ್ಯವಾದಗಳು." ಅದರ ಕೆಳಗೆ ಹಿರಿಯರ ಉತ್ತರ: "ಸಂತೋಷ. ಪ್ರೋಗ್ರಾಮಿನಲ್ಲಿ ತಿದ್ದಿದ ಸಾಲುಗಳನ್ನು ನಾಳೆಯೊಳಗೆ ಕಳಿಸಿ. ಇಲ್ಲದಿದ್ದರೆ ತೆಗೆಯುತ್ತೇವೆ."

ಮೈಯೆಲ್ಲ ಉರಿದುಹೋಯಿತು. ಕುಂಕುಮದ ಕಥೆಯನ್ನು ಇದ್ದಂತೆಯೇ ಬರೆದೆ. ಬಳಸುವವರೇ ದೋಷವಿತ್ತು ಎನ್ನುತ್ತಿದ್ದಾರಲ್ಲ ಎಂದು ಹಿರಿಯರ ಉತ್ತರ ಬಂತು. ಸಿದ್ದಲಿಂಗೇಶರಿಗೆ ಫೋನ್ ಹಚ್ಚಿದೆ.

"ಯಾಕ ತಂಗಿ ಸಿಟ್ಟು? ದೇವ್ರ ಮರ್ಯಾದಿ ಉಳೀತು, ನಿಂದೂ ಉಳೀತು. ರಿಪೇರಿ ಮಾಡಿದಿ ಅಂತ ಹೊಗಳೀನಲ್ಲ!"

"ಕೆಡದs ಇದ್ದದ್ದನ್ನ ಏನಂತ ತಿದ್ದಿ ಕಳಸಲ್ರೀ ನಾನು?" ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ತಿರುಗಿ ನೋಡುವಂತೆ ಕಿರುಚಿದೆ.

ಅವರು ಫೋನ್ ಇಟ್ಟರು. ಕಂಪ್ಲಿ ಬಸ್ಸು ನನ್ನೆದುರೇ ಹೊರಟಿತು. ನಾನು ಸಂಡೂರಿನ ಬಸ್ಸು ಹತ್ತಿದೆ. ನಿಜ ಬರೆಯುವವರೆಗೆ ಆ ಲ್ಯಾಬಿನಿಂದ ಏಳುವವಳಲ್ಲ.