ಬೇಹುಗಾರನಿಗೊಂದು ಹೆಸರು

ನಾನು ಒಂದು ಮತದಾರರ ಪಟ್ಟಿ. ಗದಗಿನ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸಿ ನನ್ನನ್ನು ಅಚ್ಚು ಹಾಕಿದರು. ಒಂದು ವಾರ್ಡಿನ ಎಂಟುನೂರು ಜನ ನನ್ನ ಮೈಮೇಲಿದ್ದರು: ಹೆಸರು, ತಂದೆಯ ಹೆಸರು, ಅಡ್ಡಹೆಸರು, ವಯಸ್ಸು. ಅಷ್ಟು ಜನರನ್ನು ಹೊತ್ತಿದ್ದೇನೆಂಬ ಜಂಬ ನನಗೂ ಇತ್ತು. ಗುಮಾಸ್ತರೊಬ್ಬರು ಮನೆಮನೆ ತಿರುಗಿ ಸತ್ತವರ ಮೇಲೆ ಕೆಂಪು ಗೆರೆ ಎಳೆದರು. ಚುನಾವಣೆ ಮುಗಿಯಿತು, ನನ್ನನ್ನು ಕೇಳುವವರಿಲ್ಲದಂತಾಯಿತು.

ಆಗ ನನ್ನನ್ನು ಗುಮಾಸ್ತರಿಂದ ಕೇಳಿ ಪಡೆದವರು ಅವರ ಗೆಳೆಯ ವಾಮನರಾಯರು, ಪತ್ತೇದಾರಿ ಕಾದಂಬರಿಕಾರರು. ನಾಯಕನಿಗೆ ಎರಡಕ್ಷರದ ಚುರುಕು ಹೆಸರನ್ನು ಅವರೇ ಹುಟ್ಟಿಸುತ್ತಿದ್ದರು. ಶತ್ರು ಬೇಹುಗಾರ ಇಟ್ಟುಕೊಳ್ಳುವ ಸುಳ್ಳು ಹೆಸರಿಗೆ ಮಾತ್ರ ನಾನು ಬೇಕು. "ಬಾಜೂ ಮನಿಯವನ ಹೆಸರಿನಂಗ ಇರಬೇಕು. ಅಂದ್ರ ಓದಾವ್ರು ನಂಬತಾರ," ಎಂದು ಹೆಂಡತಿಗೆ ಹೇಳುತ್ತಿದ್ದರು. ಬದುಕಿದವರ ತಂಟೆ ಬೇಡವೆಂದು ಕೆಂಪು ಗೆರೆಯವರನ್ನೇ ಆರಿಸುತ್ತಿದ್ದರು. ಸತ್ತವರು ಜಗಳಕ್ಕೆ ಬರುವುದಿಲ್ಲವಲ್ಲ!

ಯುದ್ಧದ ವರ್ಷ ಅವರ ಬೆರಳು 'ಅಡಿವೆಪ್ಪ ನಿಂಗಪ್ಪ ಕೊಪ್ಪದ' ಎಂಬ ಹೆಸರಿನ ಮೇಲೆ ನಿಂತಿತು. ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಸತ್ತ ಅಡಿವೆಪ್ಪನ ಮಗ ನಿಂಗಪ್ಪ, ಆ ನಿಂಗಪ್ಪನ ಮಗ ಮತ್ತೆ ಅಡಿವೆಪ್ಪ. ಅಜ್ಜನ ಪೂರ್ತಿ ಹೆಸರೇ ಮೊಮ್ಮಗನದೂ. ಇಪ್ಪತ್ತೆಂಟು ವರ್ಷದ ಅವನು ನನ್ನ ಮರುಪುಟದಲ್ಲೇ ಇದ್ದ. ಇಷ್ಟು ಪುಸ್ತಕ ಬರೆದ ಮನುಷ್ಯನಿಗೆ ಇದು ಹೊಳೆಯಬಾರದೇ? ಹೇಳೋಣವೆಂದರೆ ನನಗೆ ಬಾಯಿಲ್ಲ.

ಮುಂದಿನದು ನನಗೆ ಗೊತ್ತಾದದ್ದು ಆ ಮೊಮ್ಮಗನ ಬಾಯಿಂದಲೇ. ಅವನು ಬಜಾರದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಪುಸ್ತಕ ಬಂದಾಗ ಜನ ಮೊದಲು ನಕ್ಕರು. ಆಮೇಲೆ ಅಂಗಡಿಯ ತಂತಿಗಳನ್ನು ಅನುಮಾನದಿಂದ ನೋಡತೊಡಗಿದರು. "ನಿನ್ನ ಖರೇ ಹೆಸರು ಏನಲೇ?" ಎಂದು ಕೇಳಿದರು. ಇದೇ ಖರೇ ಎಂದು ಅವನು ಎಷ್ಟು ಹೇಳಿದರೂ ನಂಬಲಿಲ್ಲ. ಒಂದು ಮಧ್ಯಾಹ್ನ ಅಂಗಡಿ ಪುಡಿ ಮಾಡಿ ಅವನ ಬಲಗೈ ಮುರಿದರು.

ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಅವನು ರಾಯರ ಮನೆಗೆ ಬಂದ. ರಾಯರು ಎದ್ದು ಕುರ್ಚಿ ಎಳೆದುಕೊಟ್ಟರು.

"ಸತ್ತವರ ಹೆಸರು ಅಂತ ತಿಳದಿದ್ನೋ ತಮ್ಮಾ. ಮುಂದಿನ ಮುದ್ರಣದಾಗ ಬದಲಿ ಮಾಡತೀನಿ."

"ಪುಸ್ತಕದಾಗ ಇರಲಿ ಬಿಡ್ರಿ. ಈ ಹೆಸರು ಹೇಳಿದ್ರ ನನಗ ಯಾವ ಊರಾಗೂ ಕೆಲಸ ಸಿಗೂದಿಲ್ಲ. ಬ್ಯಾರೆ ಒಂದು ಆರಿಸಿ ಕೊಡ್ರಿ. ನಿಮಗ ರೂಢಿ ಐತಲ್ರಿ."

ರಾಯರು ನನ್ನನ್ನು ತೆರೆದರು. ಅವರ ಬೆರಳು ಸಾಲಿನಿಂದ ಸಾಲಿಗೆ ಸಾಗಿತು, ಎಲ್ಲಿಯೂ ನಿಲ್ಲಲಿಲ್ಲ. ಕೊನೆಗೆ ಅವನೇ ನನ್ನನ್ನು ಎಡಗೈಯಿಂದ ಎಳೆದುಕೊಂಡು ಮೊದಲ ಪುಟದಿಂದ ಓದಿದ. ಕೆಂಪು ಗೆರೆಯವರನ್ನೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ನನ್ನನ್ನು ಮುಚ್ಚಿಟ್ಟ.

"ಇವೆಲ್ಲಾ ಯಾರದೋ ಹೆಸರು ಅದಾವಲ್ರಿ," ಎಂದು ಎದ್ದುಹೋದ.

ಅವನು ಊರು ಬಿಟ್ಟನೆಂದು ಆಮೇಲೆ ಕೇಳಿದೆ. ರಾಯರು ಬರೆಯುವುದನ್ನೇನೂ ಬಿಡಲಿಲ್ಲ. ಬೇಹುಗಾರರಿಗೆ ಬರೀ ನಂಬರು ಕೊಟ್ಟು, ನನ್ನನ್ನು ರದ್ದಿಗೆ ಹಾಕಿದರು. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಈಗ ಚುರುಮುರಿ ಕಲಸಿ ಗಿರ್ಮಿಟ್ ಮಾರುವ ಅಂಗಡಿಯಲ್ಲಿದ್ದೇನೆ. ದಿನಾ ಒಂದಿಷ್ಟು ಹಾಳೆ ಹರಿದು ಪೊಟ್ಟಣವಾಗಿ ಗಿರಾಕಿಗಳ ಕೈಗೆ ಹೋಗುತ್ತವೆ. ಅಡಿವೆಪ್ಪ ಈಗ ಯಾವ ಊರಿನಲ್ಲಿ ಏನೆಂದು ಕರೆಸಿಕೊಳ್ಳುತ್ತಾನೋ ತಿಳಿಯದು. ಅವನ ಹೆಸರು ಅವನದಾಗಿ ಉಳಿದಿರುವುದು ನನ್ನ ಒಂದೇ ಹಾಳೆಯಲ್ಲಿ. ನಾಳೆ ಅದರ ಪಾಳಿ.