ನಿಮ್ಮ ಮಗಳ ಓದಿಗೆ ಅಂಕ ಬಂದಿದೆ

ಶಾಲೆಯ ಕಂಪ್ಯೂಟರ್ ಟೀಚರಿಗೆ ಮಕ್ಕಳು ಬೆನ್ನ ಹಿಂದೆ ಇಟ್ಟ ಹೆಸರು ‘ಸರ್ವರಕ್ಕ’. ಅದು ಹೇಗೋ ಅವಳ ಕಿವಿಗೂ ಬಿದ್ದಿತ್ತು. ಅವಳೇನೂ ಬೇಜಾರು ಮಾಡಿಕೊಂಡಿರಲಿಲ್ಲ. ಲ್ಯಾಬಿನ ಪಕ್ಕದ ಕೋಣೆಯಲ್ಲಿ ಹರಿದ ಭೂಪಟಗಳು, ಕಾಲು ಮುರಿದ ಬೆಂಚುಗಳ ನಡುವೆ ಸದಾ ಗುಂಯ್‌ಗುಡುತ್ತಿದ್ದ ಹಳೆಯ ಸರ್ವರ್ ಒಂದಿತ್ತು. ಪಾಠದ ಟಿಪ್ಪಣಿ, ರಸಪ್ರಶ್ನೆ, ಮಕ್ಕಳು ಮನೆಯಿಂದ ಕಳಿಸುವ ಹೋಂವರ್ಕ್, ಮೇಷ್ಟರುಗಳು ಹಾಕುವ ಅಂಕ ಎಲ್ಲವೂ ಅದರ ಹೊಟ್ಟೆಯೊಳಗೆ. ಅದರಲ್ಲಿ ಓಡುತ್ತಿದ್ದುದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಂಡು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಪುಕ್ಕಟೆ ಎಂದಮಾತ್ರಕ್ಕೆ ಸಲೀಸೇನಲ್ಲ. ಕೆಟ್ಟರೆ ಫೋನು ಮಾಡಿ ಬೈಯಲು ಒಂದು ಕಂಪನಿಯೂ ಇರುವುದಿಲ್ಲ. ಅದನ್ನು ಕೂರಿಸಿದವಳೂ ಅವಳೇ, ನೋಡಿಕೊಳ್ಳುತ್ತಿದ್ದವಳೂ ಅವಳೇ, ಬೈಸಿಕೊಳ್ಳುತ್ತಿದ್ದವಳೂ ಅವಳೇ.

ಬೈಗುಳ ಬರುತ್ತಿದ್ದುದು ಒಂದೇ ಕಾರಣಕ್ಕೆ. ಎಲ್ಲ ಸರಿ ಇತ್ತು, ಸಂದೇಶಗಳು ಮಾತ್ರ ಹೋಗುತ್ತಿರಲಿಲ್ಲ. ಪಾಠ ಹಾಕಿದರೆ ಮಕ್ಕಳಿಗೆ ತಿಳಿಯುತ್ತಿರಲಿಲ್ಲ, ಅಂಕ ಹಾಕಿದರೆ ತಂದೆತಾಯಿಗೆ ತಿಳಿಯುತ್ತಿರಲಿಲ್ಲ. ಹೆಡ್ ಮೇಡಂ ಆಗಾಗ, “ಏನಮ್ಮ, ನಿನ್ನ ಸರ್ವರಿಗೆ ಬಾಯಿ ಬಂತಾ?” ಎಂದು ಕೇಳುತ್ತಿದ್ದರು. ಅವಳು ಪೆಚ್ಚಾಗಿ ನಗುತ್ತಿದ್ದಳು.

ಪರೀಕ್ಷೆಗಳು ಮುಗಿದ ಆ ಶನಿವಾರ ಅವಳು ಪಟ್ಟು ಹಿಡಿದು ಕೂತಳು. ಮೊದಲು ಎಲ್ಲದರದ್ದೂ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದಿಟ್ಟುಕೊಂಡಳು. ತಂತ್ರಾಂಶದ ಹೊಸ ಆವೃತ್ತಿ ಹಾಕಿದಳು. ಶಾಲೆ ಬಿಟ್ಟುಹೋದವರ ಖಾತೆಗಳನ್ನೆಲ್ಲ ಒಟ್ಟಿಗೆ ಆರಿಸಿ, ಹೆಸರು ಹೆಸರಾಗಿ ನೋಡುವ ಗೋಜಿಗೆ ಹೋಗದೆ, ಅಳಿಸಿದಳು. ಆಮೇಲೆ ಸಂದೇಶದ ರೋಗ ಹುಡುಕಲು ಕೂತಳು. ಇಂಥ ವ್ಯವಸ್ಥೆಗಳಲ್ಲಿ ‘ಕ್ರಾನ್’ ಎಂಬುದೊಂದು ಇರುತ್ತದೆ. ಅದು ಆಗಾಗ ತಾನೇ ಎಚ್ಚೆತ್ತು, ಬಾಕಿ ಕೆಲಸಗಳನ್ನು ಮಾಡಿ ಮುಗಿಸಿ ಮತ್ತೆ ಮಲಗುತ್ತದೆ. ಸಂದೇಶ ಕಳಿಸುವುದು, ಕಸ ಖಾಲಿ ಮಾಡುವುದು ಎಲ್ಲ ಅದರ ಕೆಲಸ. ಅದನ್ನು ಎಬ್ಬಿಸುವ ಸಾಲಿನಲ್ಲಿ ಒಂದಕ್ಷರ ತಪ್ಪಾಗಿ ಕೂತಿತ್ತು. ಶುರುವಿನಿಂದಲೂ. ಅವಳೇ ಬರೆದ ಸಾಲು. ಹಣೆ ಚಚ್ಚಿಕೊಂಡು ತಿದ್ದಿದಳು, ಬಾಗಿಲು ಎಳೆದುಕೊಂಡು ಸ್ಟಾಫ್ ರೂಮಿಗೆ ಚಹಾ ಕುಡಿಯಲು ಹೋದಳು.

ಲೋಟ ಇನ್ನೂ ಅರ್ಧ ಆಗಿರಲಿಲ್ಲ. ಮೊದಲು ಭಾಷಾ ಮೇಷ್ಟರ ಜೇಬು ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ಗಣಿತದವರದು, ಚಿತ್ರಕಲೆಯವರದು. ಕೋಣೆಯೆಲ್ಲ ಟಿಣ್ ಟಿಣ್.

“ಏನ್ರೀ ಇದು, ನಾಳೆ ಕಿರುಪರೀಕ್ಷೆ ಅಂತೆ!” ಗಣಿತದವರು ಫೋನನ್ನು ದೂರ ಹಿಡಿದು ಓದಿದರು. “ಯಾವ ನಾಳೆ? ಇದು ಹೋದ ವರ್ಷದ್ದು!”

ಸರ್ವರಕ್ಕ ಲೋಟ ಕೆಳಗಿಟ್ಟಳು. ಅಷ್ಟು ಕಾಲ ಹೊರಗೆ ಹೋಗದೆ ಸಾಲುಗಟ್ಟಿ ನಿಂತಿದ್ದ ಸಂದೇಶಗಳೆಲ್ಲ, ಬಾಗಿಲು ತೆರೆದೊಡನೆ ಒಂದರ ಮೇಲೊಂದು ಬಿದ್ದು ಓಡತೊಡಗಿದ್ದವು.

ಮೊದಮೊದಲು ಎಲ್ಲರಿಗೂ ನಗು. ಒಬ್ಬ ತಂದೆ ಫೋನು ಮಾಡಿ, “ನನ್ನ ಮಗ ಸೌರಮಂಡಲ ಮಾಡ್ಕೊಂಡು ಬರ್ಬೇಕಂತೆ. ಅವನು ಈಗ ಕಾಲೇಜಲ್ಲಿದ್ದಾನೆ, ಮೀಸೆ ಬಂದಿದೆ. ತಂದುಕೊಡ್ಬೇಕಾ?” ಎಂದು ಕೇಳಿದ. ಭಾಷಾ ಮೇಷ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ಹೆಡ್ ಮೇಡಂ ತಮ್ಮ ಕೋಣೆಯಿಂದ ಹೊರಗೆ ಬಂದರು. ಕೈಯಲ್ಲಿ ಫೋನು, ಮುಖದಲ್ಲಿ ರಕ್ತವಿಲ್ಲ.

“ಚುಕ್ಕಿಯ ತಾಯಿ ಫೋನು ಮಾಡಿದ್ರು,” ಎಂದರು.

ನಗು ಅಲ್ಲಲ್ಲೇ ನಿಂತಿತು. ಚುಕ್ಕಿ ಹೋದ ವರ್ಷ ಅದೇ ಶಾಲೆಯಲ್ಲಿ ಓದುತ್ತಿದ್ದ ಹುಡುಗಿ. ರಕ್ತದ ಕಾಯಿಲೆ ಬಂದು, ತಿಂಗಳುಗಟ್ಟಲೆ ಮನೆಯಲ್ಲೇ ಮಲಗಿ, ಮನೆಯಿಂದಲೇ ಪಾಠ ಕೇಳಿ, ಕೊನೆಗೆ ತೀರಿಹೋಗಿದ್ದಳು.

“ಏನಂದ್ರು?” ಸರ್ವರಕ್ಕ ಕೇಳಿದಳು.

“ಏನೂ ಅನ್ನಲಿಲ್ಲ. ಬಂದಿರೋದನ್ನ ಓದಿ ಹೇಳಿದ್ರು, ಅಷ್ಟೆ. ‘ನಿಮ್ಮ ಮಗಳ ಗಟ್ಟಿ ಓದಿಗೆ ಅಂಕ ಬಂದಿದೆ. ನೋಡಲು ಇಲ್ಲಿ ಒತ್ತಿ.’ ಆಮೇಲೆ ಫೋನು ಇಟ್ಬಿಟ್ರು.”

ಭಾಷಾ ಮೇಷ್ಟರು ಕುರ್ಚಿಯಲ್ಲಿ ಕುಸಿದರು. ಪದ್ಯವೊಂದನ್ನು ಗಟ್ಟಿಯಾಗಿ ಓದಿ, ದನಿ ಮುದ್ರಿಸಿ ಕಳಿಸಿ ಎಂದು ಮಕ್ಕಳಿಗೆ ಹೇಳಿದ್ದವರು ಅವರು. ರಾಶಿ ಬಿದ್ದಿದ್ದ ಓದುಗಳಿಗೆ ಅಂಕ ಹಾಕುವಾಗ ಚುಕ್ಕಿ ಆಗಲೇ ಇರಲಿಲ್ಲ. ಅವಳ ಓದೂ ಆ ರಾಶಿಯಲ್ಲಿದ್ದುದು ಅವರ ಗಮನಕ್ಕೇ ಬಂದಿರಲಿಲ್ಲ.

ಸರ್ವರಕ್ಕ ಓಡಿಹೋಗಿ ಸಂದೇಶ ಕಳಿಸುವುದನ್ನು ನಿಲ್ಲಿಸಿದಳು. ಹೊರಗೆ ಬಂದಾಗ ಹೆಡ್ ಮೇಡಂ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದರು.

“ನಡಿ, ಹೋಗೋಣ. ಫೋನಲ್ಲಿ ಕ್ಷಮೆ ಕೇಳೋ ವಿಷಯ ಅಲ್ಲ ಇದು.”

ಚುಕ್ಕಿಯ ಮನೆ ಎರಡು ಬೀದಿ ಆಚೆ, ಬೀಗದ ಅಂಗಡಿಯೊಂದರ ಮಹಡಿಯ ಮೇಲೆ. ಕಡಿದಾದ ಮೆಟ್ಟಿಲು. ತಾಯಿ ದರ್ಜಿ ಕೆಲಸದವಳು. ಕಿಟಕಿಯ ಬಳಿ ಹೊಲಿಗೆ ಯಂತ್ರ, ಅದರಡಿ ಬಣ್ಣಬಣ್ಣದ ಚೂರುಬಟ್ಟೆ. ಬಸ್ ಡ್ರೈವರ್ ಆದ ತಂದೆ ಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ ಮಲಗಿದ್ದ.

ಸರ್ವರಕ್ಕ ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ತಾಯಿ ಬೈಯಲಿಲ್ಲ. ಫೋನನ್ನು ಮುಂದಕ್ಕೆ ಚಾಚಿದಳು.

“ಮೇಡಂ, ಒತ್ತಿ ಒತ್ತಿ ಸಾಕಾಯ್ತು. ತೆಗೆಯೋದೇ ಇಲ್ಲ. ಖಾತೆ ಇಲ್ಲ ಅಂತ ಬರ್ತಿದೆ.” ಅವಳ ಕಣ್ಣು ಅಗಲವಾಗಿತ್ತು. “ಗಟ್ಟಿ ಓದು ಅಂದ್ರೆ ಅವಳ ದನಿ ಇರುತ್ತಾ ಅದರಲ್ಲಿ?”

ಹೆಡ್ ಮೇಡಂ ಸರ್ವರಕ್ಕನ ಕಡೆ ನೋಡಿದರು.

“ನಮ್ಮ ಹತ್ರ ಏನೂ ಇಲ್ಲ. ವಿಡಿಯೋ ಎಲ್ಲ ಇದ್ದ ಫೋನು ಆಸ್ಪತ್ರೆಗೆ ಓಡಾಡೋವಾಗ ಕಳೆದುಹೋಯ್ತು. ಫೋಟೋ ಇದೆ. ಫೋಟೋ ಮಾತಾಡುತ್ತಾ?” ಅವಳು ಸೆರಗಿನಿಂದ ಫೋನಿನ ಗಾಜು ಒರೆಸಿದಳು. “ಈಗೀಗ ನಾನು ಅವಳ ದನಿ ನೆನಪಿಸಿಕೊಂಡರೆ ನನ್ನ ದನಿಯೇ ಕೇಳುತ್ತೆ. ಅವಳದು ಹೇಗಿತ್ತು ಅಂತಾನೇ ಜಾರಿಹೋಗ್ತಿದೆ. ಒಂದ್ಸಲ ಕೇಳ್ಸಿ ಮೇಡಂ.”

ಸರ್ವರಕ್ಕನಿಗೆ ಆಗ ನೆನಪಾಯಿತು. ಹೆಸರು ನೋಡದೆ ಬೆಳಿಗ್ಗೆ ಒಟ್ಟಿಗೆ ಆರಿಸಿ ಅಳಿಸಿದ್ದ ಖಾತೆಗಳು. ಶಾಲೆ ಬಿಟ್ಟುಹೋದವರ ಪಟ್ಟಿ, ಅದರಲ್ಲಿ ಚುಕ್ಕಿಯೂ. ಸುಳ್ಳು ಹೇಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

“ಅದನ್ನ ಇವತ್ತು ಬೆಳಿಗ್ಗೆ ನಾನೇ ಅಳಿಸಿದೆ,” ಎಂದಳು.

ಒಳಕೋಣೆಯ ಬಾಗಿಲಲ್ಲಿ ತಂದೆ ನಿಂತಿದ್ದ. ಯಾವಾಗ ಎದ್ದು ಬಂದನೋ.

“ಅಳಿಸಿದ್ರಾ?” ಎಂದ. ಗದರಲಿಲ್ಲ. ಕೇಳಿದ್ದು ಸರಿಯೋ ತಪ್ಪೋ ಎಂದು ಖಚಿತ ಮಾಡಿಕೊಳ್ಳುವವನಂತೆ ಮತ್ತೊಮ್ಮೆ ಅಂದ. “ಅಳಿಸಿಬಿಟ್ರಾ?”

“ಪ್ರತಿ ತೆಗೆದಿಟ್ಟಿದ್ದೀನಿ,” ಸರ್ವರಕ್ಕ ಬಡಬಡನೆ ಹೇಳಿದಳು. “ಅಳಿಸೋ ಮುಂಚೆ ಎಲ್ಲ ಡಿಸ್ಕಿಗೆ ಹಾಕಿದ್ದೀನಿ. ಸಿಗುತ್ತೆ. ಬನ್ನಿ.”

ನಾಲ್ವರೂ ಶಾಲೆಗೆ ನಡೆದರು. ತಾಯಿ ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡಿದ್ದಳು, ಯಾರೂ ಹೇಳಲಿಲ್ಲ.

ಲ್ಯಾಬಿನ ಬೇರೊಂದು ಕಂಪ್ಯೂಟರಿಗೆ ಡಿಸ್ಕು ಚುಚ್ಚಿ, ಸರ್ವರಕ್ಕ ಒಳಗಿದ್ದುದನ್ನು ಬಿಚ್ಚಿದಳು. ಚುಕ್ಕಿಯ ಹೆಸರು ಬಂತು. ಓದಿದ ಪದ್ಯದ ಹೆಸರು, ಕಳಿಸಿದ ದಿನ, ಮೇಷ್ಟರು ಬರೆದ ‘ಉಚ್ಚಾರಣೆ ಚೆನ್ನಾಗಿದೆ’ ಎಂಬ ಮಾತು ಎಲ್ಲ ಬಂತು. ತಾಯಿ ಪರದೆಗೆ ಮುಖ ತಾಗುವಷ್ಟು ಹತ್ತಿರ ಬಂದಳು. ಸರ್ವರಕ್ಕ ಆಡಿಸುವ ಗುಂಡಿ ಒತ್ತಿದಳು.

ಏನೂ ಇಲ್ಲ. ಮತ್ತೆ ಒತ್ತಿದಳು. ಕಡತ ಸಿಗುತ್ತಿಲ್ಲ ಎಂದು ಬಂತು.

ಆಗ ಅವಳಿಗೆ ಹೊಳೆಯಿತು. ಹೆಸರು, ಅಂಕ, ದಿನಾಂಕಗಳೆಲ್ಲ ಇರುವುದು ಒಂದು ಕಡೆ; ಮಕ್ಕಳು ಕಳಿಸಿದ ಚಿತ್ರ, ದನಿಗಳ ಕಡತಗಳು ಇರುವುದು ಇನ್ನೊಂದು ಕಡೆ. ಅವಳು ಪ್ರತಿ ತೆಗೆದದ್ದು ಮೊದಲನೆಯದನ್ನು ಮಾತ್ರ. ಅಷ್ಟು ಕಾಲದಿಂದಲೂ ಅಷ್ಟನ್ನೇ ತೆಗೆಯುತ್ತ, ಎಲ್ಲ ಭದ್ರವಾಗಿದೆ ಎಂದುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು.

“ಏನಾಯ್ತಮ್ಮ?” ಹೆಡ್ ಮೇಡಂ ಕೇಳಿದರು.

“ದನಿ ಇಲ್ಲ ಇದರಲ್ಲಿ.”

ತಂದೆ ತಲೆ ತಗ್ಗಿಸಿದ. “ನಡಿಯೇ, ಹೋಗೋಣ,” ಎಂದು ಹೆಂಡತಿಯ ತೋಳು ಹಿಡಿದ. “ಇಲ್ಲದ್ದನ್ನ ಹುಡುಕ್ತಾ ಎಷ್ಟು ಹೊತ್ತು ಕೂರ್ತೀಯ?”

“ನೀವು ಬೇಕಾದ್ರೆ ಹೋಗ್ರೀ,” ಎಂದಳು ತಾಯಿ. ಪರದೆಯಿಂದ ಕಣ್ಣು ಕೀಳಲಿಲ್ಲ.

ಅಷ್ಟರಲ್ಲಿ ಸರ್ವರಕ್ಕ ಕುರ್ಚಿಯನ್ನು ಹಿಂದಕ್ಕೆ ದೂಡಿ ಎದ್ದಿದ್ದಳು. ಅಳಿಸಿದ ಕಡತಗಳು ತಕ್ಷಣ ನಾಶವಾಗುವುದಿಲ್ಲ, ಮೊದಲು ಕಸದ ಬುಟ್ಟಿಗೆ ಬೀಳುತ್ತವೆ. ಬುಟ್ಟಿ ಖಾಲಿ ಮಾಡುವುದು ಕ್ರಾನ್. ವರ್ಷದಿಂದ ಸತ್ತಂತೆ ಬಿದ್ದಿದ್ದ ಕ್ರಾನನ್ನು ಬೆಳಿಗ್ಗೆ ಅವಳೇ ಎಬ್ಬಿಸಿದ್ದಳು. ಗಾಬರಿಯಲ್ಲಿ ನಿಲ್ಲಿಸಿ ಬಂದದ್ದು ಸಂದೇಶಗಳನ್ನಷ್ಟೇ. ಅದು ಈಗಲೂ ಪಕ್ಕದ ಕೋಣೆಯಲ್ಲಿ ಎಚ್ಚೆತ್ತು ಗುಡಿಸುತ್ತಿತ್ತು!

ಅವಳು ಓಡಿದಳು. ಬೆಂಚಿಗೆ ಮೊಣಕಾಲು ಬಡಿಯಿತು. ಗುಂಡಿ ಒತ್ತಿ, ಸರಿಯಾಗಿ ನಿಲ್ಲಿಸುವಷ್ಟು ತಾಳ್ಮೆ ಇರಲಿಲ್ಲ; ಗೋಡೆಯಿಂದ ಪ್ಲಗ್ಗನ್ನೇ ಕಿತ್ತಳು. ಸದಾ ಗುಂಯ್‌ಗುಡುತ್ತಿದ್ದ ಕೋಣೆ ಸ್ತಬ್ಧವಾಯಿತು. ಬಾಗಿಲಲ್ಲಿ ಮೂವರೂ ಬಾಯಿ ತೆರೆದುಕೊಂಡು ನಿಂತಿದ್ದರು.

ಸರ್ವರಿನ ಡಿಸ್ಕನ್ನು ಬಿಚ್ಚಿ ತಂದು, ಲ್ಯಾಬಿನ ಕಂಪ್ಯೂಟರಿಗೆ ಜೋಡಿಸಿ, ಬುಟ್ಟಿಯನ್ನು ತೆರೆದಳು. ಒಳಗಿನ ಕಡತಗಳಿಗೆ ಮನುಷ್ಯರ ಹೆಸರಿರಲಿಲ್ಲ. ಅಕ್ಷರ, ಅಂಕಿ ಕಲಸಿದ ಉದ್ದುದ್ದ ಗುರುತುಗಳು. ಆದರೆ ಚುಕ್ಕಿಯ ಓದಿನ ಗುರುತು ಯಾವುದೆಂದು ಬೆಳಿಗ್ಗೆ ತೆಗೆದಿಟ್ಟ ಪ್ರತಿಯಲ್ಲಿತ್ತು. ಅದನ್ನು ಕೊಟ್ಟು ಹುಡುಕಿದಳು. ಹೆಡ್ ಮೇಡಂ ಅವಳ ಹೆಗಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಆಮೇಲೆ ಅಲ್ಲಿ ಉಗುರಿನ ಗುರುತು ಉಳಿಯಿತು.

ಕಡತ ಇತ್ತು.

“ಸಿಕ್ತು,” ಎಂದಳು. ಸ್ಪೀಕರಿನ ಸದ್ದು ಹೆಚ್ಚಿಸಿ ಆಡಿಸಿದಳು.

ಹುಡುಗಿಯೊಬ್ಬಳು ಗಂಟಲು ಸರಿಮಾಡಿಕೊಂಡು ಪದ್ಯ ಓದತೊಡಗಿದಳು. ಸ್ಪಷ್ಟವಾದ, ತುಸು ಕೀಚಲು ದನಿ. ತಂದೆ ಕಣ್ಣು ಮುಚ್ಚಿಕೊಂಡ. ತಾಯಿ ಒಂದು ಸಾಲು ಕೇಳಿದಳು, ಎರಡು ಸಾಲು ಕೇಳಿದಳು. ನಿಧಾನವಾಗಿ ಅಡ್ಡಡ್ಡ ತಲೆಯಾಡಿಸಿದಳು.

“ಇದು ನನ್ನ ಮಗಳಲ್ಲ.”

“ಸರಿಯಾಗಿ ಕೇಳಿ,” ಎಂದಳು ಸರ್ವರಕ್ಕ, “ಮುದ್ರಣದಲ್ಲಿ ದನಿ ಸ್ವಲ್ಪ—”

“ಅಲ್ಲ ಮೇಡಂ. ಎಷ್ಟೇ ಮರೆತಿದ್ರೂ ಇಷ್ಟು ಗೊತ್ತಾಗಲ್ವಾ? ಇದು ಅವಳಲ್ಲ.”

ಸರ್ವರಕ್ಕ ಪರದೆ ನೋಡಿದಳು. ಹೆಸರು ಚುಕ್ಕಿಯದೇ, ಗುರುತೂ ಅದೇ. ನಿಲ್ಲಿಸಲು ಕೈ ಚಾಚಿದಳು. ಅಷ್ಟರಲ್ಲಿ ಓದುತ್ತಿದ್ದ ದನಿ ಒಂದು ಕಷ್ಟದ ಪದದ ಮೇಲೆ ಎಡವಿತು. ದೂರದಿಂದ, ನೆಲಮಾಳಿಗೆಯಿಂದ ಬಂದಂತೆ, ಒಡೆದ ಸಣ್ಣ ದನಿಯೊಂದು ಕೇಳಿಸಿತು.

“ಅಯ್ಯೋ ಹಾಗಲ್ಲ ಕಣೇ ಕೋತಿ. ಉಸಿರು ಬಿಟ್ಟು ಹೇಳು.”

ತಾಯಿಯ ಬಾಯಿಂದ ಹೊರಟದ್ದು ಅಳುವಲ್ಲ, ಕೂಗೂ ಅಲ್ಲ. ಅವಳು ಎರಡೂ ಕೈಯಿಂದ ಸ್ಪೀಕರನ್ನು ಹಿಡಿದುಕೊಂಡಳು. ತಂದೆ, “ಮತ್ತೆ ಹಾಕಿ, ಮತ್ತೆ ಹಾಕಿ,” ಎಂದು ಅನ್ನುತ್ತಲೇ ಇದ್ದ. ಅವನಿಗೆ ತಾನು ಮಾತಾಡುತ್ತಿರುವುದು ತಿಳಿದಿತ್ತೋ ಇಲ್ಲವೋ.

ಓದಿದ ದನಿ ಯಾರದೆಂದು ಈಗ ತಾಯಿಗೆ ಗೊತ್ತಾಯಿತು. “ನಮ್ಮ ಎದುರು ಮನೆ ಹುಡುಗಿ. ದಿನಾ ಬಂದು ಇವಳ ಹತ್ರ ಕೂರ್ತಿದ್ದಳು. ಇವಳು ಹೋದ ಮೇಲೆ ನಮ್ಮ ಮೆಟ್ಟಿಲು ಹತ್ತಿಲ್ಲ. ಬೀದಿಯಲ್ಲಿ ಎದುರಾದರೂ ಆ ಕಡೆ ದಾಟಿಬಿಡ್ತಾಳೆ.”

ಹೆಡ್ ಮೇಡಂ ಆ ಮನೆಗೆ ಫೋನು ಮಾಡಿ, ಚುಕ್ಕಿಯ ಓದು ಸಿಕ್ಕಿದೆ ಎಂದರು. ಚುಕ್ಕಿಯ ಗೆಳತಿ ತನ್ನ ಅಜ್ಜಿಯ ಜೊತೆ ಬಂದಳು. ಲ್ಯಾಬಿನಲ್ಲಿ ಚುಕ್ಕಿಯ ತಂದೆತಾಯಿಯನ್ನು ಕಂಡದ್ದೇ ಅಜ್ಜಿಯ ಬೆನ್ನ ಹಿಂದೆ ಸರಿದಳು.

“ಆಂಟಿ, ನಾನು ಬೇಡ ಅಂದೆ,” ಎಂದಳು, ಯಾರೂ ಏನೂ ಕೇಳುವ ಮೊದಲೇ. “ಔಷಧಿ ತಗೊಂಡು ಅವಳ ಬಾಯೆಲ್ಲ ಹುಣ್ಣಾಗಿತ್ತು, ಗಟ್ಟಿಯಾಗಿ ಓದೋಕೆ ಆಗ್ತಿರ್ಲಿಲ್ಲ. ನನ್ನ ಬದಲು ನೀನು ಓದು, ಮೇಷ್ಟ್ರಿಗೇನು ಗೊತ್ತಾಗುತ್ತೆ ಅಂದ್ಲು. ತಪ್ಪಾದಾಗೆಲ್ಲ ಮತ್ತೆ ಮೊದಲಿಂದ ಓದಿಸಿದ್ಲು, ಕೊನೆಗೆ ಸಾಕಾಗಿ ಇದನ್ನೇ ಕಳಿಸಿದ್ವಿ. ನಾನು ತಪ್ಪು ತಪ್ಪು ಓದಿ ಅವಳಿಗೆ ಸುಸ್ತು ಮಾಡಿದ್ದಕ್ಕೇ ಅವಳು...”

ಚುಕ್ಕಿಯ ತಾಯಿ ದಂಗಾಗಿ ಅವಳನ್ನೇ ನೋಡಿದಳು. ಇಷ್ಟು ದಿನ ಈ ಮಗು ಬೀದಿ ದಾಟುತ್ತಿದ್ದುದು ಇದಕ್ಕೆ!

“ನಿನ್ನಿಂದ ಅಲ್ಲ ಕಣೋ ಮಗಾ,” ಎಂದು ಹತ್ತಿರ ಎಳೆದುಕೊಂಡಳು. “ಯಾರು ಹೇಳಿದ್ರು ನಿಂಗೆ? ಕಾಯಿಲೆ ಅದು. ನೀನು ಬಂದು ಕೂತಾಗಲೇ ಅವಳು ನಗ್ತಿದ್ದದ್ದು.”

ಹುಡುಗಿ ಬಹಳ ಹೊತ್ತು ಬಿಕ್ಕಿದಳು. ಅಜ್ಜಿ ನೀರು ಕುಡಿಸಿದಳು. ಆಮೇಲೆ ಮೂಗು ಒರೆಸಿಕೊಳ್ಳುತ್ತ ಸರ್ವರಕ್ಕನ ಕಡೆ ತಿರುಗಿ, “ಮಿಸ್, ನನ್ನ ಓದು ಕೇಳಿದ್ರಾ?” ಎಂದಳು.

“ನಿನ್ನದಾ?”

“ನನ್ನ ಹೆಸರಲ್ಲಿ ಕಳಿಸಿದ್ದು. ಅದನ್ನೂ ಅವಳ ಮಂಚದ ಮೇಲೇ ಕೂತು ಓದಿದ್ದು. ನಿಲ್ಲಿಸೋದು ಮರೆತು ಹಾಗೇ ಕಳಿಸಿಬಿಟ್ಟೆ. ಅದರಲ್ಲಿ ಅವಳು ತುಂಬಾ ಮಾತಾಡಿದ್ದಾಳೆ.”

ಗೆಳತಿ ಇನ್ನೂ ಅದೇ ಶಾಲೆಯಲ್ಲಿದ್ದುದರಿಂದ ಅವಳ ಖಾತೆಯನ್ನು ಯಾರೂ ಮುಟ್ಟಿರಲಿಲ್ಲ. ಕಡತ ಬುಟ್ಟಿಯಲ್ಲೂ ಇರಲಿಲ್ಲ, ತನ್ನ ಜಾಗದಲ್ಲೇ ಇತ್ತು. ಮೇಷ್ಟರು ಪದ್ಯ ಮುಗಿಯುವವರೆಗೆ ಕೇಳಿ ಅಂಕ ಹಾಕಿ ಮುಂದೆ ಹೋಗಿದ್ದರು. ಪದ್ಯ ಮುಗಿದ ಮೇಲೆ ಮಂಚ ಕಿರ್‌ಗುಟ್ಟಿತು, ನಗು ಕೇಳಿಸಿತು. ಆಮೇಲೆ ಒಡೆದ ಸಣ್ಣ ದನಿ ತಡೆತಡೆದು ಮಾತಾಡತೊಡಗಿತು. ಯಾರೋ ಟೀಚರ ನಡಿಗೆಯ ಅಣಕ. ಯಾರದೋ ಲಂಗದ ಬಣ್ಣದ ಬಗ್ಗೆ ವಾದ. ಆಮೇಲೆ, “ಶ್, ಕೇಳು. ಅಪ್ಪನ ಬಸ್ಸು. ನಮ್ಮನೆ ಮುಂದೆ ಬಂದಾಗ ಎರಡು ಸಲ ಹಾರ್ನ್ ಹೊಡೀತಾರೆ. ನಾನು ನಿದ್ದೆ ಮಾಡ್ತಿದ್ದೀನಿ ಅಂದ್ಕೊಂಡಿರ್ತಾರೆ. ನಾನು ಕಾಯ್ತಾ ಇರ್ತೀನಿ.”

ತಂದೆ ಎದ್ದು ಹೊರಗೆ ಹೋದ. ಕಾರಿಡಾರಿನ ಗೋಡೆಗೆ ಒರಗಿ, ಕೆಳಗೆ ಜಾರಿ ನೆಲದ ಮೇಲೇ ಕೂತ. ಆ ಹಾರ್ನಿನ ವಿಷಯ ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಸ್ಟಾಫ್ ರೂಮಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಭಾಷಾ ಮೇಷ್ಟರು ಹೋಗಿ ಅವನ ಪಕ್ಕದಲ್ಲಿ ಕೂತರು.

ಸರ್ವರಕ್ಕ ಎರಡೂ ದನಿಗಳನ್ನು ತಾಯಿಯ ಫೋನಿಗೆ ಹಾಕಿಕೊಟ್ಟಳು. ಇನ್ನೊಂದು ಪ್ರತಿ, ಮತ್ತೂ ಒಂದು ಪ್ರತಿ ಬೇರೆಬೇರೆ ಡಿಸ್ಕುಗಳಲ್ಲಿ. ಹಾಕಿದ್ದನ್ನೆಲ್ಲ ಆಡಿಸಿ, ಕಿವಿಯಿಂದಲೇ ಕೇಳಿ ನೋಡಿದಳು. ಪರದೆ ಹೇಳುವುದನ್ನು ನಂಬುವ ಧೈರ್ಯ ಅವಳಿಗೆ ಉಳಿದಿರಲಿಲ್ಲ. ಇನ್ನು ಮುಂದೆ ಯಾವ ಮಗುವಿನ ಖಾತೆ ಅಳಿಸುವ ಮೊದಲೂ ಮನೆಯವರನ್ನು ಕೇಳಬೇಕು ಎಂದು ಹೆಡ್ ಮೇಡಂ ಅಲ್ಲೇ ಹೇಳಿದರು.

ಅವರೆಲ್ಲ ಹೊರಟಾಗ ಬಿಸಿಲು ಇಳಿದಿತ್ತು. ಗೇಟಿನ ಬಳಿ ತಾಯಿ ನಿಂತಳು. ಗೆಳತಿಯ ಕೈ ಅವಳ ಕೈಯಲ್ಲೇ ಇತ್ತು.

“ಮೇಡಂ, ಅವಳಿಗೆ ಎಷ್ಟು ಅಂಕ ಬಂದಿತ್ತು? ಕೇಳೋದೇ ಮರೆತೆ.”

“ಪೂರ್ತಿ ಬಂದಿದೆ,” ಎಂದಳು ಸರ್ವರಕ್ಕ. ಅದು ನಿಜವೇ ಆಗಿತ್ತು.

“ನನಗೆ ಒಂದು ಕಡಿಮೆ ಕೊಟ್ಟಿದ್ರು!” ಗೆಳತಿ ಥಟ್ಟನೆ ಅಂದಳು. “ಎರಡನ್ನೂ ಓದಿದ್ದು ನಾನೇ!”

ಚುಕ್ಕಿಯ ತಾಯಿ ನಕ್ಕಳು, ತನ್ನ ನಗುವಿಗೆ ತಾನೇ ಬೆಚ್ಚಿಬಿದ್ದವಳಂತೆ ಬಾಯಿಗೆ ಕೈ ಅಡ್ಡ ಹಿಡಿದಳು.