ಶಾಲು ಹೊದಿಸಿ ಕೇಳಿದ ಕ್ಷಮೆ

ಜಯನಗರದ ನಮ್ಮ ಕಾಲೇಜಿನಲ್ಲಿ ಯಾರು ವೇದಿಕೆ ಹತ್ತಿದರೂ ಸನ್ಮಾನ ಮಾಡಿಯೇ ಕಳಿಸುವುದು. ಕ್ಷಮೆ ಕೇಳುವ ಸಭೆಯಲ್ಲೂ ಪ್ರಿನ್ಸಿಪಾಲರು ಮಿಜೋರಾಮಿನಿಂದ ಬಂದ ನಮ್ಮ ಸಹಪಾಠಿ ರಿನ್‌ಪುಯಿಗೆ ಶಾಲು ಹೊದಿಸಿ ಮೈಸೂರು ಪೇಟ ತೊಡಿಸಿದರು. ಊದುಬತ್ತಿಯ ಹೊಗೆಯಲ್ಲಿ ಸಭಾಂಗಣ ನೀರಿನೊಳಗಿನ ಊರಿನಂತೆ ತೇಲುತ್ತಿತ್ತು.

ಕ್ಯಾಂಟೀನಿನಲ್ಲಿ ಅವಳ ಊಟದ ಡಬ್ಬಿ ನೋಡಿ ಬೌ ಬೌ ಎಂದು ನಾಯಿಯಂತೆ ಬೊಗಳಿದ್ದ ಆಶ್ರಿತ್ ಮೈಕ್ ಹಿಡಿದ.

"ಬೇಜಾರಾಗಿದ್ರೆ ಸಾರಿ."

"ಏನ್ ಮಾಡ್ದೆ ಅಂತ ಹೇಳು," ಎಂದಳು ರಿನ್‌ಪುಯಿ. ಅದನ್ನು ಅವನ ಬಾಯಲ್ಲೇ ಕೇಳಬೇಕೆಂದು ಅವಳು ಬಂದಿದ್ದಳು.

"ಹೇಳ್ಬಿಡು ಮಗಾ!" ಹಿಂದಿನಿಂದ ಯಾರೋ ಕೂಗಿದರು.

ವೇದಿಕೆಗೆ ಕಟ್ಟಿದ್ದ ಹಾರದ ಸೇವಂತಿಗೆ ಎಸಳುಗಳು ಫ್ಯಾನಿನ ಗಾಳಿಗೆ ನಿಧಾನವಾಗಿ ಹಾರುತ್ತಿದ್ದವು.

"ಇವ್ಳು ನಾಯಿ ತಿಂತಾಳೆ ಅಂತ ಬೊಗಳ್ದೆ," ಎಂದ.

ಅಂದು ನಾವೆಲ್ಲ ನಕ್ಕಿದ್ದೆವು. ಈಗ ಯಾರೂ ನಗಲಿಲ್ಲ. ಪ್ರಿನ್ಸಿಪಾಲರು ಮಾತ್ರ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.

"ಈಗ ಸಾರಿ ಹೇಳು," ಎಂದಳು ರಿನ್‌ಪುಯಿ.